ಆಗಮನ ಕಾಲದಲ್ಲಿ ಮದುವೆ ಇಲ್ಲ

ನನ್ನ ಮದುವೆ ನಿಂತುಹೋದದ್ದು ಒಂದು ಗುರುವಾರ. ಶನಿವಾರಕ್ಕೆ ಮದುವೆ ಅಂತ ಹೊನ್ನಾಳಿಯ ನಮ್ಮ ಮನೆಯ ಮುಂದೆ ಚಪ್ಪರ ಎದ್ದಿತ್ತು, ಹಿತ್ತಲಲ್ಲಿ ಒಲೆಗೆ ಗುಂಡಿ ತೋಡಿ ಆಗಿತ್ತು. ಬೆಳಿಗ್ಗೆ ಹತ್ತರ ಹೊತ್ತಿಗೆ ಜಗಳೂರಿನಿಂದ ತಂತಿ ಬಂತು. ಹುಡುಗನ ತಂದೆ ತೀರಿಕೊಂಡಿದ್ದರು. ಚಪ್ಪರ ಕಟ್ಟಿದವರೇ ಮಧ್ಯಾಹ್ನ ಬಂದು ಗಳ ಬಿಚ್ಚಿಕೊಂಡು ಹೋದರು. ಮನೆಯವರೆಲ್ಲ ಸತ್ತವರಿಗಾಗಿ ಅತ್ತರು. ನಾನೂ ಅತ್ತೆ. ಈ ವಯಸ್ಸಿನಲ್ಲಿ ಸುಳ್ಳು ಯಾಕೆ, ನಾನು ಅತ್ತದ್ದು ನನಗಾಗಿ. ನನಗೆ ಆಗ ಎರಡು ತಿಂಗಳು ತುಂಬಿತ್ತು, ಅದು ಯಾರಿಗೂ ಗೊತ್ತಿರಲಿಲ್ಲ.

ನಿಶ್ಚಿತಾರ್ಥವಾದ ಮೇಲೆ ಬಸವಾಪಟ್ಟಣದಲ್ಲಿದ್ದ ಹುಡುಗನ ಅಕ್ಕನ ಮನೆಗೆ ನಮ್ಮಿಬ್ಬರನ್ನೂ ಊಟಕ್ಕೆ ಕರೆದಿದ್ದರು. ಅಕ್ಕ ಸಂತೆಗೆ ಹೋಗಿದ್ದರು. ಒಂದು ಮಧ್ಯಾಹ್ನ. ಅದರ ಬಗ್ಗೆ ಇಷ್ಟು ಸಾಕು. ಇನ್ನೆರಡು ತಿಂಗಳಿಗೆ ಮದುವೆ ಆಗಿಯೇ ಆಗುತ್ತದೆ ಅಂದುಕೊಂಡಿದ್ದೆವು, ನವೆಂಬರಿನಲ್ಲಿ ಆಗಿದ್ದರೆ ಮಗು ಏಳು ತಿಂಗಳಿಗೇ ಹುಟ್ಟಿತು ಅಂತ ಹೇಳಿ ಮುಗಿಸಬಹುದಿತ್ತು.

ಶನಿವಾರ ತಪ್ಪಿದರೆ ಮುಂದಿನ ವಾರ ಮಾಡೋಣ ಅನ್ನುವುದಕ್ಕೆ ನಮ್ಮಲ್ಲಿ ಬರುವುದಿಲ್ಲ. ಆ ಶನಿವಾರದ ಮರುದಿನವೇ ಆಗಮನ ಕಾಲ ಶುರು. ಕ್ರಿಸ್ಮಸ್ಸಿಗೆ ಮುಂಚಿನ ನಾಲ್ಕು ಭಾನುವಾರಗಳ ಕಾಲ ಅದು. ಆಗ ಮನೆ ಮುಂದೆ ನಕ್ಷತ್ರ ಕಟ್ಟುವುದಿಲ್ಲ, ಪೂಜೆಯಲ್ಲಿ ಮಹಿಮೆಯ ಹಾಡು ಹಾಡುವುದಿಲ್ಲ, ಫಾದರ್ ನೇರಳೆ ಬಣ್ಣದ ಮೇಲುಡುಪು ಹಾಕುತ್ತಾರೆ, ಸ್ವಾಮಿ ಹುಟ್ಟಿದ ಕೊಟ್ಟಿಗೆಯಂತೆ ಗೋದಲಿ ಕಟ್ಟಿದರೂ ಅದರಲ್ಲಿ ಮಗುವಿನ ಬೊಂಬೆ ಮಲಗಿಸುವುದಿಲ್ಲ. ಮದುವೆಯಂತೂ ಇಲ್ಲ. ಕ್ರಿಸ್ಮಸ್ ಕಳೆದು, ಜನವರಿಯ ಮೂರು ರಾಯರ ಹಬ್ಬವೂ ಆದ ಮೇಲೆಯೇ ಮದುವೆ ಅಂತ ಅಪ್ಪ ಆವತ್ತೇ ಹೇಳಿಬಿಟ್ಟರು. ನಾನು ಅಡುಗೆಮನೆಗೆ ಹೋಗಿ ಬೆರಳು ಮಡಿಸಿದೆ. ಜನವರಿಗೆ ನಾಲ್ಕು ತಿಂಗಳು. ಸೀರೆಯ ನೆರಿಗೆ ಎಷ್ಟು ಮೇಲೆ ಸಿಕ್ಕಿಸಿದರೂ ನಾಲ್ಕು ತಿಂಗಳು ಮುಚ್ಚುವುದಿಲ್ಲ.

ಅಪ್ಪ ನಿವೃತ್ತ ಮೇಷ್ಟ್ರು. ಅದಕ್ಕಿಂತ ಹೆಚ್ಚಾಗಿ ಅವರು ಉಪದೇಶಿ. ಹೊನ್ನಾಳಿಯಲ್ಲಿ ಆಗ ನಮ್ಮ ಚರ್ಚ್ ಇರಲಿಲ್ಲ, ಶಿವಮೊಗ್ಗದಿಂದ ಫಾದರ್ ತಿಂಗಳಿಗೊಮ್ಮೆ ಬರುತ್ತಿದ್ದರು. ಉಳಿದ ಭಾನುವಾರಗಳಲ್ಲಿ ನಮ್ಮ ಮನೆಯ ಪಡಸಾಲೆಯಲ್ಲಿ ಅಪ್ಪನೇ ಪ್ರಾರ್ಥನೆ ನಡೆಸಿ, ಬೈಬಲಿನಿಂದ ಶುಭಸಂದೇಶ ಓದಿ, ನಾಲ್ಕು ಮಾತು ಹೇಳುತ್ತಿದ್ದರು. ಬರುತ್ತಿದ್ದದ್ದು ಆರು ಮನೆಯವರು. ಆಸ್ಪತ್ರೆಯ ನರ್ಸಮ್ಮ, ಕರೆಂಟಿನ ಲೈನ್‌ಮನ್, ಫಾರೆಸ್ಟ್ ಗಾರ್ಡ್, ಹೀಗೆ ವರ್ಗವಾಗಿ ಬಂದವರೇ ಹೆಚ್ಚು. ಫಾದರ್ ಒಂದು ಮಾತನ್ನು ನಗುತ್ತಾ ಹೇಳಿದರೆ ಅದೇ ಮಾತನ್ನು ಅಪ್ಪ ಕಟ್ಟಳೆ ಮಾಡಿ ಹೇಳುತ್ತಿದ್ದರು. ಆರೂ ಮನೆಯವರಿಗೆ ಫಾದರ್ ಕಂಡರೆ ಪ್ರೀತಿ, ಅಪ್ಪನನ್ನು ಕಂಡರೆ ಹೆದರಿಕೆ.

ಮೊದಲನೆಯ ಭಾನುವಾರ ಎಂದಿನಂತೆ ಹಿತ್ತಾಳೆ ತಟ್ಟೆಗೆ ಹೊಳೆಯ ಮರಳು ಸುರಿದು, ಪ್ರವಾಸಿ ಮಂದಿರದ ಗಾಳಿಮರದಿಂದ ತಂದ ಸೊಪ್ಪನ್ನು ಸುತ್ತ ಜೋಡಿಸಿ, ಅಪ್ಪ ನಾಲ್ಕು ಮೇಣದಬತ್ತಿ ನೆಟ್ಟರು. ಮೂರು ನೇರಳೆ, ಒಂದು ಗುಲಾಬಿ ಇರಬೇಕು. ಬಣ್ಣದ ಬತ್ತಿ ನಮ್ಮೂರಿನಲ್ಲಿ ಸಿಗುತ್ತಿರಲಿಲ್ಲ, ಬಿಳಿಯವಕ್ಕೇ ಬುಡದಲ್ಲಿ ಬಣ್ಣದ ಕಾಗದ ಸುತ್ತುತ್ತಿದ್ದರು. ವಾರಕ್ಕೊಂದು ಹೆಚ್ಚು ಹಚ್ಚಬೇಕು. ಬೀಗರು ಬರುತ್ತಾರೆ ಎಂದರೆ ಮನೆ ಗುಡಿಸುವುದಿಲ್ಲವೇ, ಹಾಗೆ ಸ್ವಾಮಿ ಬರುವ ಮೊದಲು ಒಳಗಿನ ಕಸ ಗುಡಿಸಿಕೊಳ್ಳಬೇಕು ಅಂತ ಅಪ್ಪ ಹೇಳಿದರು. ಸ್ವಾಮಿ ಒಮ್ಮೆ ಮಗುವಾಗಿ ಬಂದವರು, ಇನ್ನೊಮ್ಮೆ ತೀರ್ಪು ಕೊಡಲು ಬರುವವರು, ಈ ಎರಡೂ ಬರುವಿಕೆಗೆ ಕಾಯುವ ಕಾಲ ಇದು ಎಂದರು. ವರ್ಷವರ್ಷವೂ ಕೇಳಿದ ಮಾತೇ. ಆ ವರ್ಷ ಮಾತ್ರ ತೀರ್ಪು ಎಂಬ ಮಾತಿಗೆ ನಾನು ಅಪ್ಪನ ಮುಖದಿಂದ ಕಣ್ಣು ತೆಗೆದೆ.

ಹೆದರುವುದಕ್ಕೆ ಕಾರಣವಿತ್ತು. ಐದು ವರ್ಷದ ಹಿಂದೆ, ತುರ್ತು ಪರಿಸ್ಥಿತಿ ಮುಗಿದ ಮರುವರ್ಷ, ಇಂಥದೇ ಡಿಸೆಂಬರಿನಲ್ಲಿ ಚನ್ನಗಿರಿಯಿಂದ ಒಬ್ಬ ವಿಧವೆ ತನ್ನ ಮಗಳನ್ನು ಕರೆದುಕೊಂಡು ನಮ್ಮ ಮನೆಗೆ ಬಂದಿದ್ದರು. ಅಲ್ಲಿನ ಶಾಲೆಯಲ್ಲಿ ಹೊಲಿಗೆ ಟೀಚರ್ ಅವರು. ಅಪ್ಪ ತಿಂಗಳಿಗೊಮ್ಮೆ ಚನ್ನಗಿರಿಗೆ ಹೋದಾಗ ಅವರ ಮನೆಯಲ್ಲೇ ಪ್ರಾರ್ಥನೆ ನಡೆಯುತ್ತಿತ್ತು. ಮಗಳ ಮದುವೆಯನ್ನು ಕ್ರಿಸ್ಮಸ್ಸಿನೊಳಗೆ ಮಾಡಿಸಿಕೊಡಿ, ಫಾದರ್‌ಗೆ ನೀವೊಂದು ಮಾತು ಹೇಳಿ ಅಂತ ಆಕೆ ಬಾಗಿಲಲ್ಲೇ ನಿಂತು ಕೇಳಿದರು. ಆಗಮನ ಕಾಲದಲ್ಲಿ ಮದುವೆ ಇಲ್ಲ, ಜನವರಿಗೆ ಬನ್ನಿ ಅಂತ ಅಪ್ಪ ಹೇಳಿದರು. ಆಕೆ ಇನ್ನೊಮ್ಮೆ ಕೇಳಿದರು. ಅಪ್ಪ ಇನ್ನೊಮ್ಮೆ ಅದನ್ನೇ ಹೇಳಿದರು. ನೀರು ಕೊಟ್ಟವಳು ನಾನು. ಹತ್ತೊಂಬತ್ತು ವರ್ಷದ, ತನಗೆ ಎಲ್ಲವೂ ಗೊತ್ತು ಎಂದುಕೊಂಡಿದ್ದ ನಾನು, ಅವರು ಮೆಟ್ಟಿಲಿಳಿಯುವ ಮುಂಚೆಯೇ ಅವ್ವನಿಗೆ ಹೇಳಿದೆ, ಅದೇನು ಅಷ್ಟೊಂದು ಅವಸರವಂತೆ ಅಂತ. ಹೇಳಿ ನಕ್ಕೆ. ಆ ಹುಡುಗಿ ತಿರುಗಿ ನನ್ನನ್ನು ನೋಡಿದಳು. ಅವಸರ ಏನು ಅಂತ ಎರಡು ತಿಂಗಳಲ್ಲಿ ಚನ್ನಗಿರಿಗೆಲ್ಲ ಗೊತ್ತಾಯಿತು. ಹುಡುಗನ ಕಡೆಯವರು ಆ ಗಲಾಟೆಯಲ್ಲಿ ಹಿಂದೆ ಸರಿದರಂತೆ. ತಾಯಿ ವರ್ಗ ಮಾಡಿಸಿಕೊಂಡು ಮಗಳೊಂದಿಗೆ ಎಲ್ಲಿಗೋ ಹೊರಟುಹೋದರು. ನರ್ಸಮ್ಮ ಇದನ್ನು ನಮ್ಮ ಹಿತ್ತಲಲ್ಲಿ ನಿಂತು ಅವ್ವನಿಗೂ ನನಗೂ ಹೇಳಿದಳು. ಅಪ್ಪನ ಮುಂದೆ ಇಂಥ ಸುದ್ದಿ ಎತ್ತುವ ಧೈರ್ಯ ಯಾರಿಗೂ ಇರಲಿಲ್ಲ, ಹಾಗಾಗಿ ಅವರಿಗೆ ತಿಳಿಯಲೇ ಇಲ್ಲ.

ನಾನು ಆಗ ನ್ಯಾಮತಿಯ ಶಾಲೆಯಲ್ಲಿ ಟೀಚರ್. ದಿನಾ ಬೆಳಿಗ್ಗೆ ಹೊನ್ನಾಳಿಯಿಂದ ಬಸ್ಸು. ಡೀಸೆಲ್ ವಾಸನೆಗೆ ಕರುಳು ಬಾಯಿಗೆ ಬರುತ್ತಿತ್ತು. ಸೂರಗೊಂಡನಕೊಪ್ಪದ ಕಡೆಯ ಹೆಂಗಸರು ತಲೆಯ ಎಣ್ಣೆ ಘಮಘಮ ಅನ್ನಿಸಿಕೊಂಡು ಪಕ್ಕದಲ್ಲಿ ಕೂತರೆ ಕಿಟಕಿಯ ಸರಳು ಹಿಡಿದು ಕಣ್ಣು ಮುಚ್ಚುತ್ತಿದ್ದೆ. ಮನೆಯಲ್ಲಿ ತಟ್ಟೆ ಮುಂದೆ ಕೂರಲು ಆಗುತ್ತಿರಲಿಲ್ಲ. ಸಾರಿನ ಒಗ್ಗರಣೆ ಬಿದ್ದರೆ ಹಿತ್ತಲಿಗೆ ಓಡಬೇಕು. ಏನು ಹೇಳಿ ತಪ್ಪಿಸಿಕೊಳ್ಳಲಿ ಅಂತ ನಾನು ಯೋಚಿಸುವಷ್ಟರಲ್ಲಿ ಅಪ್ಪನೇ ನನಗೊಂದು ಕಾರಣ ಕೊಟ್ಟರು. ಆಗಮನ ಕಾಲದಲ್ಲಿ ನಮ್ಮ ಮನೆಯಲ್ಲಿ ಶುಕ್ರವಾರ ಒಪ್ಪತ್ತು, ಮಾಂಸ ಇಲ್ಲ, ಚಹಾಕ್ಕೆ ಸಕ್ಕರೆ ಇಲ್ಲ. ಒಂದು ಬುಧವಾರ ನಾನು ರೊಟ್ಟಿ ಮುಟ್ಟದೆ ಎದ್ದದ್ದನ್ನು ನೋಡಿ, ಬುಧವಾರವೂ ಉಪವಾಸ ಹಿಡಿದೀಯಾ ತಾಯಿ ಅಂತ ಕೇಳಿದರು. ಆ ದನಿಯಲ್ಲಿ ಎಷ್ಟು ಸಂತೋಷವಿತ್ತು ಎಂದರೆ ನಾನು ಹೂಂ ಅಂದುಬಿಟ್ಟೆ. ಅಲ್ಲಿಂದ ದಿನವೂ ಉಪವಾಸವೇ ಆಯಿತು.

ಎರಡನೆಯ ಭಾನುವಾರ ಎರಡು ಬತ್ತಿ ಹಚ್ಚಿ, ಓದಿ, ಪುಸ್ತಕ ಮಡಿಸಿ, ಅಪ್ಪ ಎಂದೂ ಮಾಡದ ಕೆಲಸ ಮಾಡಿದರು. ತಮ್ಮ ಮನೆಯವರನ್ನು ಎಲ್ಲರ ಮುಂದೆ ಹೊಗಳಿದರು.

"ನನ್ನ ಮಗಳನ್ನ ನೋಡ್ರಿ. ಮದುವೆ ನಿಂತೈತೆ ಅಂತ ಮೂಲೆ ಹಿಡಿದು ಅಳಾಕೆ ಕುಂತಿಲ್ಲ. ಉಪವಾಸ ಮಾಡ್ತಾಳೆ, ಕಾಯ್ತಾಳೆ. ಆಗಮನ ಕಾಲ ಅಂದ್ರೆ ಹಿಂಗಿರಬೇಕು."

ಆರು ಮನೆಯವರೂ ತಿರುಗಿ ನೋಡಿದರು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಲೈನ್‌ಮನ್‌ನ ಹೆಂಡತಿ ತನ್ನ ಮಗಳ ತಲೆ ಸವರಿ ಅಕ್ಕನನ್ನು ನೋಡಿ ಕಲಿ ಅಂದಳು. ನರ್ಸಮ್ಮ ಮಾತ್ರ ನನ್ನ ಮುಖವನ್ನು, ಕಣ್ಣ ಕೆಳಗಿನ ಕಪ್ಪನ್ನು, ಆಮೇಲೆ ನಿಧಾನವಾಗಿ ನನ್ನ ಸೊಂಟವನ್ನು ನೋಡಿದಳು. ನಾನು ಸೆರಗು ಎಳೆದುಕೊಂಡೆ. ಎಳೆದುಕೊಂಡದ್ದೇ ತಪ್ಪಾಯಿತು ಅಂತ ಆ ಕ್ಷಣವೇ ಗೊತ್ತಾಯಿತು.

ಅಂದು ಮಧ್ಯಾಹ್ನ ಅವ್ವ ಹಿತ್ತಲ ಬಾಗಿಲು ಹಾಕಿಕೊಂಡು ಬಂದು ನನ್ನ ಎದುರು ಕೂತಳು. ನರ್ಸಮ್ಮ ಹೇಳಿದಳೋ, ಅವ್ವನಿಗೇ ಹೊಳೆಯಿತೋ, ನಾನು ಕೇಳಲಿಲ್ಲ. ಎಷ್ಟಾಯಿತು ಅಂದಳು. ಮೂರಕ್ಕೆ ಬಿತ್ತು ಅಂದೆ. ಬಯ್ಯುತ್ತಾಳೆ, ಹೊಡೆಯುತ್ತಾಳೆ ಅಂತ ಕಾದೆ. ಅವ್ವ ನನ್ನ ಕಾಲಿನ ಮೇಲೆ ಕೈಯಿಟ್ಟಳು.

"ನಿಮ್ಮಪ್ಪಗೆ ನಾನಂತೂ ಹೇಳಲ್ಲ. ನಾನು ಹೇಳಿದ್ರೆ ನಿನ್ನ ಪರವಾಗಿ ಹೇಳ್ದಂಗೆ ಆಗ್ತೈತೆ, ಅವ್ರು ನನ್ನ ಮೇಲೆ ಹರಿಹಾಯ್ದು ಮುಗಿಸ್ತಾರೆ. ನೀನೇ ಹೇಳ್ಬೇಕು. ಇಲ್ಲಾ, ಆ ಹುಡುಗನ್ನ ಕರ್ಕಂಡು ಬಾ, ಅವನು ಹೇಳ್ಲಿ."

ಮರುದಿನ ಶಾಲೆಗೆ ರಜೆ ಹಾಕಿ ದಾವಣಗೆರೆಗೆ ಹೋಗಿ, ಅಲ್ಲಿಂದ ಜಗಳೂರಿನ ಬಸ್ಸು ಹತ್ತಿದೆ. ಬಿಳಿಚೋಡು ದಾಟುವವರೆಗೂ ನಿಂತೇ ಇದ್ದೆ. ಅವರು ಜಗಳೂರಿನ ಆಸ್ಪತ್ರೆಯಲ್ಲಿ ಕಂಪೌಂಡರ್. ಸಾವಿನ ಮನೆಗೆ ಹೋಗಿ ಅವರ ತಾಯಿಯ ಮುಂದೆ ನಿಲ್ಲಲು ಮನಸ್ಸಾಗದೆ ಆಸ್ಪತ್ರೆಗೇ ಹೋದೆ. ಔಷಧಿ ಕಿಟಕಿಯ ಮುಂದೆ ಬಾಟಲಿ ಹಿಡಿದವರ ಸಾಲಿನಲ್ಲಿ ನಾನೂ ನಿಂತೆ. ನನ್ನ ಸರದಿ ಬಂದಾಗ ಅವರ ಕೈಯಿಂದ ಅಳತೆಯ ಲೋಟ ಜಾರಿತು. ಹೊರಗಿನ ಬೇವಿನ ಮರದ ಕೆಳಗೆ ನಿಂತು ವಿಷಯ ಹೇಳಿದೆ. ಅವರು ತಲೆ ಕೂದಲೆಲ್ಲ ತೆಗೆಸಿದ್ದರು, ತಂದೆ ಸತ್ತ ದುಃಖದಲ್ಲಿ ಇನ್ನೂ ಕಣ್ಣು ಕೆಂಪಗಿದ್ದವು, ಪಾಪ ಅನ್ನಿಸಬೇಕಿತ್ತು. ಅನ್ನಿಸಲಿಲ್ಲ.

"ನಿಮ್ಮಪ್ಪಾರು ಹೂಂ ಅಂದ್ರೆ ನಾಳೇನೇ ಬಂದು ತಾಳಿ ಕಟ್ತೀನಿ. ಅವ್ರ ಮುಂದೆ ನಿಂತು ಇದನ್ನ ಹೇಳಾಕೆ ಮಾತ್ರ ನನ್ನ ಕೈಲಿ ಆಗಲ್ಲ," ಅಂದರು.

"ಹೊಟ್ಟೇಲಿ ಹೊತ್ಕಂಡು ಓಡಾಡೋಳಿಗೆ ಧೈರ್ಯ ಬೇಕು, ನಿಮಗೆ ಬೇಡ, ಅಲ್ರೀ?" ಅಂದೆ.

ಚಿಕ್ಕವರಿದ್ದಾಗ ಅಪ್ಪನ ಹತ್ತಿರವೇ ಜ್ಞಾನೋಪದೇಶ ಕಲಿತವರು ಅವರು, ಉತ್ತರ ತಪ್ಪಿದರೆ ಅಪ್ಪ ಕಿವಿ ಹಿಂಡುತ್ತಿದ್ದರಂತೆ. ಇಪ್ಪತ್ತೆಂಟು ವರ್ಷದ ಗಂಡಸಿಗೆ ಇನ್ನೂ ಆ ಕಿವಿಯದೇ ಚಿಂತೆ. ಮೈಯೆಲ್ಲ ಉರಿದುಹೋಯಿತು ನನಗೆ. ಚಹಾ ಕುಡಿದು ಹೋಗು ಎಂದದ್ದಕ್ಕೂ ನಿಲ್ಲದೆ ಬಸ್‌ಸ್ಟ್ಯಾಂಡಿಗೆ ಬಂದೆ. ಅವರ ಜೊತೆ ನಲವತ್ತು ವರ್ಷ ಸಂಸಾರ ಮಾಡಿದ್ದೇನೆ, ಒಳ್ಳೆಯ ಮನುಷ್ಯ. ಆದರೂ ಬೇವಿನ ಮರದ ಕೆಳಗಿನ ಆ ಹತ್ತು ನಿಮಿಷವನ್ನು ನಾನು ಪೂರ್ತಿ ಕ್ಷಮಿಸಿಲ್ಲ.

ಮೂರನೆಯ ಭಾನುವಾರ ಗುಲಾಬಿ ಕಾಗದದ ಬತ್ತಿ ಹಚ್ಚುವ ದಿನ. ಕಾಯುವಿಕೆ ಅರ್ಧ ದಾಟಿತು, ಸ್ವಾಮಿ ಹತ್ತಿರ ಬಂದರು, ಇವತ್ತು ಹಿಗ್ಗಬೇಕು ಎನ್ನುವುದು ಅದರ ಅರ್ಥ. ಹಿಗ್ಗುವುದಿರಲಿ, ಉಸಿರು ಬಿಡುವುದೂ ಕಷ್ಟವಾಗಿತ್ತು. ರವಿಕೆಯ ಗುಂಡಿಗಳು ಬಿಗಿಯಾಗಿದ್ದವು. ಫಾದರ್ ಬರುವ ತಿಂಗಳ ಭಾನುವಾರ ಅದಾಗಿತ್ತು, ಪೂಜೆಗೆ ಮುಂಚೆ ಎಲ್ಲರೂ ತಮ್ಮ ತಪ್ಪುಗಳನ್ನು ಅವರ ಕಿವಿಗೆ ಹೇಳಿಕೊಳ್ಳುವ ಪಾಪನಿವೇದನೆಗೆ ಸಾಲು ನಿಂತರು. ನಾನು ಹೋಗಲಿಲ್ಲ. ಉಪದೇಶಿಯ ಮಗಳು ಆಗಮನ ಕಾಲದಲ್ಲಿ ಪಾಪನಿವೇದನೆಗೆ ಹೋಗಲಿಲ್ಲ ಅನ್ನುವುದು ಸಣ್ಣ ಮಾತಲ್ಲ. ಅಪ್ಪ ಅದನ್ನು ಗಮನಿಸಿದರು. ಕೇಳಲಿಲ್ಲ, ಆದರೆ ಆ ವಾರವೆಲ್ಲ ನನ್ನನ್ನು ಉಪವಾಸದ ಬಗ್ಗೆ ಹೊಗಳಲೂ ಇಲ್ಲ.

ಶುಕ್ರವಾರ ಸಂಜೆ ನಾಲ್ಕೂವರೆಗೆ ನಾನು ನ್ಯಾಮತಿಯಿಂದ ಬಂದಾಗ ಅಪ್ಪ ಕಿಟಕಿಯ ಹತ್ತಿರ ಕೂತು ಭಾನುವಾರದ ಶುಭಸಂದೇಶವನ್ನು ಗಟ್ಟಿಯಾಗಿ ಓದಿ ಅಭ್ಯಾಸ ಮಾಡುತ್ತಿದ್ದರು. ತಪ್ಪಿಲ್ಲದೆ ಓದಬೇಕು ಅಂತ ಪ್ರತಿ ಶುಕ್ರವಾರ ಹಾಗೆ ಓದುತ್ತಿದ್ದರು. ಆ ವರ್ಷ ನಾಲ್ಕನೆಯ ಭಾನುವಾರಕ್ಕೆ ಬಂದದ್ದು ಬಡಗಿಯ ಪ್ರಸಂಗ. ತನಗೆ ನಿಶ್ಚಯವಾದ ಹುಡುಗಿ ಮದುವೆಗೆ ಮುಂಚೆಯೇ ಬಸುರಿ ಎಂದು ಆ ಬಡಗಿಗೆ ಗೊತ್ತಾಗುತ್ತದೆ. ಅವನು ನೀತಿವಂತ. ಅವಳ ಮಾನ ಬೀದಿಗೆ ಬರಬಾರದು ಅಂತ ಗುಟ್ಟಾಗಿ ಬಿಟ್ಟುಬಿಡಲು ಮನಸ್ಸು ಮಾಡುತ್ತಾನೆ. ಆಗ ಕನಸಿನಲ್ಲಿ ದೇವದೂತ ಬಂದು ಅಂಜಬೇಡ, ಅವಳನ್ನು ಮನೆಗೆ ಕರೆದುಕೋ ಅನ್ನುತ್ತಾನೆ. ಬಾಲ್ಯದಿಂದ ಕೇಳಿದ ಕಥೆ. ಅವಳು ಸ್ವಾಮಿಯ ತಾಯಿ, ಆ ಬಸಿರು ಪವಿತ್ರವಾದದ್ದು, ನನ್ನದಕ್ಕೂ ಅದಕ್ಕೂ ಹೋಲಿಕೆ ಮಾಡುವಷ್ಟು ದಡ್ಡಿಯಲ್ಲ ನಾನು. ಆದರೆ ದೇವದೂತ ಬರುವ ಮುಂಚೆ ಆ ಹುಡುಗಿ ಎಷ್ಟು ದಿನ ಬಾಯಿ ಮುಚ್ಚಿಕೊಂಡು ಓಡಾಡಿರಬೇಕು ಅನ್ನುವುದು ಆವತ್ತು ಮೊದಲ ಸಲ ಹೊಳೆಯಿತು. ಚೀಲವನ್ನೂ ಇಳಿಸದೆ ಅಪ್ಪನ ಎದುರು ಹೋಗಿ ನಿಂತೆ.

"ಅಪ್ಪ, ನಾನು ಮಾಡ್ತಿರೋದು ಉಪವಾಸ ಅಲ್ಲ."

ಅಪ್ಪ ತಲೆ ಎತ್ತಿದರು. ಮತ್ತೇನು ಅಂತ ಕೇಳಿದರು. ಊಟ ಸೇರುತ್ತಿಲ್ಲ, ಮೂರು ತಿಂಗಳು ಅಂತ ಹೇಳಿದೆ. ಅಡುಗೆಮನೆಯಲ್ಲಿ ಅವ್ವನ ಬಳೆ ಸದ್ದು ನಿಂತಿತು. ಅಪ್ಪ ಕನ್ನಡಕ ತೆಗೆದು ಪುಸ್ತಕದ ಮೇಲಿಟ್ಟರು. ಹೊಡೆಯಲಿ, ಹೊರಗೆ ಹೋಗು ಅನ್ನಲಿ, ಏನಾದರೂ ಅನ್ನಲಿ ಅಂತ ನಾನು ಕಾಯುತ್ತಿದ್ದೆ. ಅವರು ಕೇಳಿದ್ದು ಬೇರೆಯೇ.

"ಚನ್ನಗಿರಿ ಹುಡುಗಿಗೂ ಹಿಂಗೇ ಆಗಿತ್ತೇನು?"

"ಹೂಂ."

"ನಿಮಗೆ ಗೊತ್ತಿತ್ತೇನು?"

ಆಮೇಲೆ ಗೊತ್ತಾಯಿತು ಅಂದೆ. ಶನಿವಾರ ಬೆಳಿಗ್ಗೆ ಅಪ್ಪ ಮೊದಲನೆಯ ಬಸ್ಸಿಗೆ, ಯಾರಿಗೂ ಹೇಳದೆ, ಕೊಡೆ ಹಿಡಿದು ಹೊರಟುಹೋದರು.

ಆ ಶನಿವಾರವನ್ನು ಹೇಗೆ ಹೇಳಲಿ. ಶಿವಮೊಗ್ಗಕ್ಕೆ ಹೋಗಿದ್ದಾರೆ ಅಂತ ಅವ್ವ ಅಂದಳು. ಹಾಗಂತ ಅವಳಿಗೆ ಯಾರು ಹೇಳಿದ್ದರು? ಮಗಳನ್ನು ಸಭೆಯಿಂದ ಹೊರಗಿಡಿ ಅಂತ ಫಾದರ್‌ಗೆ ಹೇಳಲು ಹೋದರೋ, ನನ್ನನ್ನು ದೂರದ ಯಾವುದಾದರೂ ಕನ್ಯಾಮಠಕ್ಕೆ ಸೇರಿಸಲು ಹೋದರೋ. ಜಗಳೂರಿಗೆ ಹೋಗಿ ಅವರ ಕುತ್ತಿಗೆಪಟ್ಟಿ ಹಿಡಿದರೋ. ಇನ್ನೊಂದು ಯೋಚನೆಯೂ ಬಂತು, ಹೊಳೆಯ ಸೇತುವೆಯದು. ಅದನ್ನು ಅವ್ವನೂ ಯೋಚಿಸುತ್ತಿದ್ದಾಳೆ ಅಂತ ಅವಳು ಎರಡು ಸಲ ಹೊಳೆಯ ದಾರಿಯ ತನಕ ಹೋಗಿ ಬಂದದ್ದರಿಂದ ತಿಳಿಯಿತು. ಯಾರನ್ನೂ ಕೇಳುವಂತಿಲ್ಲ, ಕೇಳಿದರೆ ಯಾಕೆ ಅಂತಾರೆ. ಮಧ್ಯಾಹ್ನದ ಬಸ್ಸು ಬಂತು, ನಾಲ್ಕರದು ಬಂತು, ಆರರದು ಬಂತು. ಅಪ್ಪ ಯಾವುದರಲ್ಲೂ ಇರಲಿಲ್ಲ.

ಭಾನುವಾರ ಒಂಬತ್ತಕ್ಕೆ ಜನ ಬಂದರು. ಅವ್ವ ಚಾಪೆ ಹಾಸಿದಳು. ಮೇಷ್ಟ್ರು ಎಲ್ಲಿ ಅಂತ ಕೇಳಿದವರಿಗೆಲ್ಲ ಬರ್ತಾರೆ, ಕೂತ್ಕಳ್ರಿ ಅಂದಳು. ಒಂಬತ್ತೂಕಾಲಾಯಿತು. ಫಾರೆಸ್ಟ್ ಗಾರ್ಡ್ ಗಡಿಯಾರ ನೋಡಿಕೊಂಡರು. ಮಕ್ಕಳು ಗಲಾಟೆ ಶುರುಮಾಡಿದವು. ನರ್ಸಮ್ಮ ಎದ್ದು ನನ್ನ ಪಕ್ಕ ಬಂದು ನಿಂತು, ನನ್ನ ಬೆನ್ನ ಮೇಲೆ ಕೈಯಿಟ್ಟಳು. ಅಷ್ಟಕ್ಕೇ ನನ್ನ ಕಣ್ಣು ತುಂಬಿತು. ಅಷ್ಟು ಹೊತ್ತಿಗೆ ಅಪ್ಪ ಬಾಗಿಲಲ್ಲಿ ಕಾಣಿಸಿಕೊಂಡರು. ನಿನ್ನೆಯದೇ ಪಂಚೆ, ಅಂಗಿಯ ತುಂಬ ರಸ್ತೆಯ ಧೂಳು. ಕಾಲು ತೊಳೆದು ಬಂದು ನಾಲ್ಕೂ ಬತ್ತಿ ಹಚ್ಚಿದರು. ಪುಸ್ತಕ ಕೈಗೆತ್ತಿಕೊಂಡರು, ತೆರೆಯಲಿಲ್ಲ.

"ಬುಧವಾರ ಬೆಳಿಗ್ಗೆ ಶಿವಮೊಗ್ಗದಾಗೆ ನನ್ನ ಮಗಳ ಮದುವೆ. ಹೂವಿಲ್ಲ, ಹಾಡಿಲ್ಲ. ಹುಡುಗನಿಗೆ ತಂತಿ ಕೊಟ್ಟು ಬಂದೀನಿ. ಆಗಮನ ಕಾಲದಾಗೆ ಯಾಕೆ ಅಂತ ನೀವು ಕೇಳ್ತೀರಿ. ಕೇಳ್ರಿ, ಕೇಳೋದ್ರಾಗೆ ತಪ್ಪಿಲ್ಲ. ತಡಿಯಾಕೆ ಆಗದಂಥ ಕಾರಣ ಐತೆ."

ಆರು ಮನೆಯವರ ಕಣ್ಣುಗಳೂ ನನ್ನ ಹೊಟ್ಟೆಯ ಮೇಲೆ ಬಿದ್ದವು. ನನಗೆ ಸಿಟ್ಟು ಬಂತು, ಹೌದು, ಆ ಹೊತ್ತಿನಲ್ಲೂ ಸಿಟ್ಟು. ನನ್ನನ್ನು ಒಂದು ಮಾತು ಕೇಳದೆ ಹೀಗೆ ಎಲ್ಲರ ಮುಂದೆ ಇಟ್ಟುಬಿಟ್ಟರಲ್ಲ ಅಂತ. ಅಪ್ಪ ಇನ್ನೂ ಮುಗಿಸಿರಲಿಲ್ಲ.

"ಐದು ವರ್ಷದ ಹಿಂದೆ ಚನ್ನಗಿರಿಯ ಒಬ್ಬ ತಾಯಿ ಇದನ್ನೇ ಕೇಳಾಕೆ ಈ ಬಾಗಿಲಿಗೆ ಬಂದಿದ್ರು. ಫಾದರ್‌ಗೆ ತಿಳಿಸದೆ ನಾನೇ ಇಲ್ಲ ಅಂದು ಕಳಿಸ್ದೆ. ನಿನ್ನೆ ಫಾದರ್ ಯಾವುದೋ ಹಳ್ಳಿಗೆ ಹೋಗಿದ್ರು, ಅವ್ರು ಬರೋತನಕ ಕಾದು ಕೇಳ್ದೆ, ಆವಾಗ ಕೇಳಿದ್ರೆ ಅಪ್ಪಣೆ ಕೊಡ್ತಿದ್ರೇನು ಅಂತ. ಕೊಡ್ತಿದ್ದೆ ಅಂದ್ರು."

ಅಂಗಿಯ ತೋಳಿನಿಂದ ಮುಖದ ಧೂಳು ಒರೆಸಿಕೊಂಡು ಮತ್ತೆ ಹೇಳಿದರು.

"ಅವ್ರ ಮಗಳಿಗೆ ಕೊಡದೇ ಇದ್ದಿದ್ದನ್ನ ನನ್ನ ಮಗಳಿಗೆ ಬೇಡಿ ತಂದೀನಿ. ಇಂಥೋನು ಇಲ್ಲಿ ನಿಂತು ಓದಬಾರದು. ಇನ್ನು ಮೇಲೆ ನಾನು ಓದಲ್ಲ. ಫಾದರ್‌ಗೂ ಹೇಳಿ ಬಂದೀನಿ."

ಪುಸ್ತಕವನ್ನು ಮೇಜಿನ ಮೇಲಿಟ್ಟು, ಅಪ್ಪ ಹಿಂದಕ್ಕೆ ನಡೆದು ಹೋಗಿ ಕೊನೆಯ ಚಾಪೆಯಲ್ಲಿ, ಲೈನ್‌ಮನ್‌ನ ಪಕ್ಕ ಕೂತರು. ಹೆದರಿದ ಲೈನ್‌ಮನ್ ಮೇಷ್ಟ್ರಿಗೆ ಜಾಗ ಬಿಡಲು ಗೋಡೆಗೆ ಒತ್ತಿಕೊಂಡ.

ಓದಲು ಯಾರೂ ಏಳಲಿಲ್ಲ. ಬಾಗಿಲಿನ ಗಾಳಿಗೆ ನಾಲ್ಕು ಬತ್ತಿಗಳೂ ಒಂದೇ ಕಡೆ ವಾಲುತ್ತಿದ್ದವು. ಫಾರೆಸ್ಟ್ ಗಾರ್ಡ್ ತಲೆ ತಗ್ಗಿಸಿದರು, ನರ್ಸಮ್ಮ ತನಗೆ ಕನ್ನಡ ಓದಲು ಬರುವುದಿಲ್ಲ ಅಂತ ಪಿಸುಗುಟ್ಟಿದಳು. ಅವತ್ತು ಹಾಗೇ ಎಲ್ಲರೂ ಎದ್ದು ಮನೆಗೆ ಹೋಗಿಬಿಡುತ್ತಿದ್ದರೇನೋ. ಅವ್ವ ನನ್ನನ್ನು ನೋಡಿದಳು. ನಾನು ಮುಂದೆ ಹೋದೆ. ಸೆರಗನ್ನು ಎಳೆದುಕೊಳ್ಳಬೇಕು ಅನ್ನಿಸಿತು, ಎಳೆದುಕೊಳ್ಳಲಿಲ್ಲ. ಅಪ್ಪ ಗುರುತಿಟ್ಟಿದ್ದ ಪುಟ ತೆಗೆದು ಓದಲು ಶುರುಮಾಡಿದೆ. ಹುಡುಗಿ ಬಸುರಿ ಎಂದು ಗೊತ್ತಾದ ಕಡೆ ದಾಟಿದೆ, ಗುಟ್ಟಾಗಿ ಬಿಟ್ಟುಬಿಡಬೇಕು ಎಂದುಕೊಂಡ ಕಡೆ ದಾಟಲು ಆಗಲಿಲ್ಲ. ನಿಂತೆ. ಹಿಂದಿನಿಂದ ಯಾರೋ ಕೆಮ್ಮಿದರು. ಮತ್ತೆ ಅದೇ ಸಾಲಿನಿಂದ ಶುರುಮಾಡಿ, ಅವನು ಎದ್ದು ಅವಳನ್ನು ಮನೆಗೆ ಕರೆದುಕೊಂಡು ಬರುವ ತನಕ ಓದಿದೆ.

ಓದು ಮುಗಿದ ಮೇಲೆ ಕೂತವರು ಉತ್ತರ ಹೇಳಬೇಕು, ಅದು ಪದ್ಧತಿ. ಯಾರ ಬಾಯಿಯೂ ಏಳಲಿಲ್ಲ. ನಾನು ಪುಸ್ತಕದಿಂದ ತಲೆ ಎತ್ತದೆ ಕಾದೆ. ಕೊನೆಯ ಚಾಪೆಯಿಂದ ಅಪ್ಪನ ದನಿಯೊಂದೇ ಬಂತು, ದೇವರಿಗೆ ಕೃತಜ್ಞತೆ ಅಂತ. ಅದಾದ ಮೇಲೆ ಉಳಿದವರೂ ಹೇಳಿದರು.